ಖಾರ ಕುಟ್ಟುವ ಹೊತ್ತಿನ ಕ್ಯಾಸೆಟ್ಟು

ರಾಮದುರ್ಗದ ರಘೋತ್ತಮರಾಯರಿಗೆ ಸಂಗೀತ ಬರುತ್ತಿರಲಿಲ್ಲ. ಬರುತ್ತದೆ ಎಂಬ ಸುದ್ದಿ ಮಾತ್ರ ಊರಲ್ಲಿತ್ತು. ಆ ಸುದ್ದಿಯನ್ನು ಹಬ್ಬಿಸಿದವರು ಅವರೇ. ಅವರ ತಂದೆ ಊರೂರು ತಿರುಗಿ ಕೀರ್ತನೆ ಮಾಡುತ್ತಿದ್ದ ಆಚಾರ್ಯರು. ತಂದೆಯ ಹಿಂದೆ ತಂಬೂರಿ ಹೊತ್ತು ನಡೆದ ರಾಯರಿಗೆ ಆ ತಂಬೂರಿಯ ಭಾರ ಚೆನ್ನಾಗಿ ನೆನಪಿತ್ತು, ಶ್ರುತಿ ನೆನಪಿರಲಿಲ್ಲ. ಆದರೂ ಎಲ್ಲಿ ಯಾರು ಹಾಡಿದರೂ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ ಕೂರುವರು. ಹಾಡು ಮುಗಿದ ಮೇಲೆ "ನಿಷಾದ ಒಂದೀಟು ಮ್ಯಾಲಾತು" ಎನ್ನುವರು. ಹಾಡಿದವನಿಗೂ ತನ್ನ ನಿಷಾದದ ಮೇಲೆ ಅನುಮಾನ ಇದ್ದೇ ಇರುವುದರಿಂದ ಈವರೆಗೆ ಯಾರೂ ಎದುರಾಡಿರಲಿಲ್ಲ.

ಇದೊಂದನ್ನು ಬಿಟ್ಟರೆ ರಾಯರಿಗೆ ಊರಲ್ಲಿ ಬೇರೆ ಮರ್ಯಾದೆ ಇರಲಿಲ್ಲ. ಹಾಲಿನ ಉಳವಪ್ಪ ಅವರ ಪಾತ್ರೆಗೆ ಹಾಕುವ ಹಾಲಿನಲ್ಲಿ ಪಾತ್ರೆಯ ತಳ ಸ್ವಚ್ಛವಾಗಿ ಕಾಣುತ್ತಿತ್ತು. ನೇಕಾರರ ಸೊಸೈಟಿಯಲ್ಲಿ ಅವರು ಕಾರಕೂನರು. ಕೂರಲು ಒಂದು ಸ್ಟೂಲು. ಹೆಡ್ ಕಾರಕೂನರ ಕೈಯಿರುವ ಕುರ್ಚಿ ಖಾಲಿ ಬಿದ್ದು ವರ್ಷವಾಗಿತ್ತು. ಒಮ್ಮೆ ರಾಯರು ಧೈರ್ಯ ಮಾಡಿ ಆ ಕುರ್ಚಿಯ ಮಾತೆತ್ತಿದಾಗ ಸೆಕ್ರೆಟರಿ ದುಂಡಪ್ಪನವರು ನಕ್ಕುಬಿಟ್ಟಿದ್ದರು.

"ಆ ಕುರ್ಚಿಗೆ ಗದರಸೋ ಮನಿಷ್ಯಾ ಬೇಕ್ರಿ ರಾಯರ. ನೀವು ನೊಣಾ ಬಂದ್ರೂ ಬರ್ರಿ, ಕುಂದರ್ರಿ ಅಂತೀರಿ."

ರಾಯರು ಅಂದಿನಿಂದ ಆ ಕುರ್ಚಿಯ ಕಡೆ ನೋಡುವಾಗ ಧೂಳು ನೋಡಿದಂತೆ ಮಾಡುತ್ತಿದ್ದರು.

ತೊಂಬತ್ತೊಂಬತ್ತನೆಯ ಇಸವಿ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದ ದಿನಗಳಲ್ಲಿ ರಾಯರ ಅಕ್ಕನ ಮಗ ಮುಕುಂದ ಪುಣೆಯಿಂದ ಬಂದ. ಇಂಜಿನಿಯರಿಂಗ್ ಓದುವ ಹುಡುಗ; ಗಡ್ಡ ಬಿಟ್ಟಿದ್ದ, ಕಾರಣ ಹೇಳಿರಲಿಲ್ಲ. ಹೊರಡುವಾಗ ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಮಾಮನ ಕೈಗಿಟ್ಟ. ಮೇಲಿನ ಚಿತ್ರದಲ್ಲಿ ಒಂದು ಅಸ್ಥಿಪಂಜರ ಹೊಳೆಯಲ್ಲಿ ಕಾಲು ಬಿಟ್ಟು ಆರಾಮವಾಗಿ ಕೂತಿತ್ತು. ಅದರ ತಲೆಯ ಮೇಲೆ ಜಾಲಿಮುಳ್ಳಿನ ಬೇಲಿಯಂಥದ್ದೇನೋ ಇತ್ತು.

"ಅದು ಬ್ಯಾಂಡಿನ ಹೆಸರು, ಮಾಮಾ. ಓದಲಿಕ್ಕೆ ಬರಂಗಿಲ್ಲ."

"ಯಾಕ ಬರಂಗಿಲ್ಲ? ಹಳೇ ಮರಾಠಿ ಮೋಡಿ ಲಿಪಿ ಇದು," ಎಂದರು ರಾಯರು. "ನಮ್ಮ ಅಟ್ಟದ ಮ್ಯಾಲ ಇಂಥಾ ಕಾಗದ ಗಂಟುಗಟ್ಟಲೆ ಅವ."

ಮುಕುಂದ ಕ್ಯಾಸೆಟ್ಟಿನ ಹಿಂಬದಿ ತಿರುಗಿಸಿ ತೋರಿಸಿದ. "ಸ್ವೀಡನ್ ದೇಶದ ಹುಡುಗರು ಮಾಡಿದ್ದು. ರೌದ್ರನೂ ಅದ, ಮಾಧುರ್ಯನೂ ಅದ, ಒಂದರ ಬೆನ್ನಿಗೆ ಒಂದು. ಎಲ್ಲಾರಿಗೂ ತಿಳಿಯೋದಲ್ಲ. ಕಿವಿ ತಯಾರಿದ್ದವರಿಗಷ್ಟ ಹತ್ತತದ. ಛಳಿಗಾಲದಾಗ ಆ ದೇಶದಾಗ ಎಷ್ಟೋ ಕಡೆ ಹೊತ್ತ ಹುಟ್ಟಂಗಿಲ್ಲ ನೋಡ್ರಿ, ಅದಕ್ಕ ಹಿಂಗ ಹಾಡ್ತಾರ."

"ಹೊತ್ತ ಹುಟ್ಟಲಿಲ್ಲಂದ್ರ ಮುಂಜಾನಿ ರಾಗ ಭೈರವ ಯಾವಾಗ ಹಾಡ್ತಾರೋ?"

ಪುಣೆಯ ಇಂಜಿನಿಯರಿಂಗು ಬಗ್ಗಿ ಚೀಲದ ಬಾಯಿ ಕಟ್ಟತೊಡಗಿತು. ರಾಯರಿಗೆ ತಾವು ಗೆದ್ದಂತಾಯಿತು. ಆದರೆ ಹುಡುಗ ಬಸ್ಸು ಹತ್ತುವಾಗ "ದೀಪಾವಳಿಗೆ ಬರ್ತೇನಿ, ಪೂರ್ತಿ ಕೇಳಿ ನಿಮ್ಮ ಅಭಿಪ್ರಾಯ ಹೇಳಬೇಕು" ಎಂದು ಹೇಳಿ ಹೋದ. ಕಿವಿ ತಯಾರಿರುವ ಮನುಷ್ಯನಿಗೆ ಇನ್ನು ಕೇಳದೆ ಗತಿಯಿರಲಿಲ್ಲ.

ರಾಯರ ಟೇಪು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಪೀರಸಾಬನಿಂದ ಕೊಂಡ ಹಳೆಯ ಮಾಲು. ಕೊಡುವಾಗಲೇ ಪೀರಸಾಬ ಪ್ರಾಮಾಣಿಕವಾಗಿ ಎಚ್ಚರಿಸಿದ್ದ. "ಇದಕ್ಕೊಂದು ಚಟಾ ಐತ್ರಿ ರಾಯರ. ಹಾಡು ಭಾಳ ಸೇರಿತಂದ್ರ ರೀಲು ತಿಂತೈತಿ." ಅಂಥ ಟೇಪಿಗೆ ರಾಯರು ಒಂದು ಸಂಜೆ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದರು.

ಮೊದಲು ಬಂದದ್ದು ಒಂದು ಗರ್ಜನೆ. ಯಾರೋ ಗಂಟಲಲ್ಲಿ ಮುಳ್ಳು ಸಿಕ್ಕಿಸಿಕೊಂಡು ಇಡೀ ಬೀಗರ ಮನೆಯನ್ನು ಬೈಯುತ್ತಿದ್ದರು. ಅದರ ಕೆಳಗೆ ಎದೆ ನಡುಗಿಸುವ ದಬದಬ. ರಾಯರು ಕೂತಲ್ಲೇ ಹಿಂದೆ ಸರಿದರು. ಇನ್ನೇನು ಆರಿಸಬೇಕು ಎನ್ನುವಷ್ಟರಲ್ಲಿ ಗದ್ದಲವೆಲ್ಲ ನಿಂತು, ಎರಡು ತಂತಿವಾದ್ಯಗಳು ಜೊತೆಜೊತೆಯಾಗಿ ಒಂದು ಧಾಟಿ ಹಿಡಿದವು. ಎಷ್ಟು ಮೆತ್ತಗೆ, ಎಷ್ಟು ಇಂಪಾಗಿ ಎಂದರೆ, ಅತ್ತ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುವ ಹಾಗಿತ್ತು. ರಾಯರ ಕಣ್ಣು ತಾನಾಗಿ ಮುಚ್ಚಿತು. ಮರುಕ್ಷಣ ಮತ್ತೆ ಗರ್ಜನೆ.

ಹೆಂಡತಿ ಗಂಗೂಬಾಯಿ ಅಡಿಗೆಮನೆಯಿಂದ ಇಣುಕಿದರು. ಅವರದು ಸಣ್ಣ ದನಿ, ಆದರೆ ಆ ಮನೆಯಲ್ಲಿ ಕೊನೆಯ ದನಿ.

"ಟೇಪು ಕೆಟ್ಟದೇನು?"

"ಕೆಟ್ಟಿಲ್ಲ. ರೌದ್ರರಸ."

"ಹಂಗಾದ್ರ ಕದಾ ಹಾಕ್ಕೊಂಡು ಕೇಳ್ರಿ. ಆಚಾರ್ಯರ ಮನ್ಯಾಗ ಏನಾತೋ ಅಂತ ಓಣಿ ಕೂಡೀತು."

ರಾಯರು ಬಾಗಿಲು ಹಾಕಿದರು, ಕಿಟಕಿ ಹಾಕಿದರು. ದಿನಾ ಸಂಜೆ ಸೊಸೈಟಿಯಿಂದ ಬಂದವರೇ ಇದನ್ನೇ ಮಾಡತೊಡಗಿದರು. ನಿಜ ಹೇಳಬೇಕೆಂದರೆ ಆ ಗರ್ಜನೆ ಅವರಿಗೆ ಹಿಡಿಸಿಬಿಟ್ಟಿತ್ತು. ದಿನವಿಡೀ ದುಂಡಪ್ಪನವರ ಮುಂದೆ "ಹೌದ್ರಿ, ಆತ್ರಿ" ಎಂದು ಬಂದ ಮೇಲೆ, ತಮ್ಮ ಪರವಾಗಿ ಯಾರೋ ದೂರದೇಶದ ಹುಡುಗ ಗಂಟಲು ಹರಿಯುವಂತೆ ಒದರುತ್ತಿದ್ದಾನಲ್ಲ ಎಂದು ಅವರಿಗೆ ತುಂಬ ಸಮಾಧಾನವಾಗುತ್ತಿತ್ತು.

ಅದು ಖಾರ ಕುಟ್ಟುವ ಕಾಲ. ವರ್ಷಕ್ಕಾಗುವಷ್ಟು ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕಿ, ಹುರಿದು, ಮಸಾಲೆ ಸೇರಿಸಿ ಒಳ್ಳಿನಲ್ಲಿ ಒನಕೆಯಿಂದ ಕುಟ್ಟುವುದು. ಹಿಂದಿನ ವರ್ಷಗಳಲ್ಲಿ ಆ ದಬದಬಕ್ಕೆ ರಾಯರು ಗೊಣಗುತ್ತಿದ್ದರು. ಈ ವರ್ಷ ಗಂಗೂಬಾಯಿ "ಹೆಂಗೂ ಗದ್ದಲ ಅದ" ಎಂದು ಟೇಪು ಹಚ್ಚುವ ಹೊತ್ತಿಗೇ ಒನಕೆ ಹಿಡಿದರು. ಮುಚ್ಚಿದ ಮನೆಯಲ್ಲಿ ಖಾರದ ಘಾಟು ತುಂಬಿಕೊಳ್ಳುತ್ತಿತ್ತು. ಕುಟ್ಟಿ ಮುಗಿಸಿ ಅವರು ಕೆಂಪು ಕಣ್ಣು, ಸೋರುವ ಮೂಗು, ಮುಖಕ್ಕೊತ್ತಿದ ಸೆರಗು ಸಮೇತ ಓಣಿಯ ನಲ್ಲಿಗೆ ಓಡುತ್ತಿದ್ದರು.

ನಲ್ಲಿಯ ಎದುರಿಗೇ ಬಾಯವ್ವನ ಕಟ್ಟೆ. ಬಾಯವ್ವನ ಮನೆಗೂ ರಾಯರ ಮನೆಗೂ ನಡುವೆ ಒಂದೇ ಒಂದು ಮಣ್ಣಿನ ಗೋಡೆ. ಆ ಗೋಡೆಯ ಮೂಲಕ ಅವಳು ಗರ್ಜನೆ ಕೇಳಿದ್ದಳು, ದಬದಬ ಕೇಳಿದ್ದಳು, ಆಮೇಲಿನ ಸಣ್ಣ ಇಂಪು ದನಿಯನ್ನೂ ಕೇಳಿದ್ದಳು. ಈಗ ಕಣ್ಣು ನೋಡಿದಳು.

"ಯಾಕ್ರಿ ಗಂಗಕ್ಕಾರ, ಕಣ್ಣ ಕೆಂಪಗಾಗ್ಯಾವು?"

"ಏನಿಲ್ಲ ಬಾಯವ್ವ. ಖಾರ ಕುಟ್ಟಿದೆ."

ಇಲ್ಲಿ ಒಂದು ಮಾತು ಹೇಳಬೇಕು. ರಾಮದುರ್ಗದಿಂದ ಬೈಲಹೊಂಗಲದವರೆಗೆ ಯಾವ ಓಣಿಗೇ ಹೋಗಿ, ಗಂಡನ ಕೈಯಲ್ಲಿ ಪೆಟ್ಟು ತಿಂದ ಹೆಂಗಸು ನಲ್ಲಿಗೆ ಬಂದಾಗ ಹೇಳುವುದು ಎರಡೇ ಮಾತು. ಉಳ್ಳಾಗಡ್ಡಿ ಹೆಚ್ಚಿದೆ, ಇಲ್ಲವೆ, ಖಾರ ಕುಟ್ಟಿದೆ. ಬಾಯವ್ವ ತನ್ನ ಗಂಡ ಬದುಕಿರುವವರೆಗೆ ವರ್ಷದ ಎಲ್ಲ ತಿಂಗಳೂ ಖಾರ ಕುಟ್ಟಿದವಳು. ಅವಳಿಗೆ ಬೇರೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಹಾಲು ಹಾಕಲು ಬಂದ ಉಳವಪ್ಪನನ್ನು ಅವಳು ಒಳಗೆ ಕರೆದಳು.

"ರಾಯರು ಹೆಂಡ್ತಿನ್ನ ಬಡ್ಯಾಕ ಹತ್ಯಾರ."

"ಯಾರು, ರಘೋತ್ತಮರಾಯರಾ? ನನ್ನ ಎಮ್ಮಿ ಬಂದ್ರ ದಾರಿ ಬಿಟ್ಟು ಗಟಾರದಾಗ ನಿಲ್ಲತಾರಬೇ ಅವರು!"

"ಬೊಗಳದ ನಾಯೀನ ಕಡಿಯೂದು. ಮೊದಲ ಒದರತಾರ, ಆಮ್ಯಾಲ ದಬಾದಬಾ ಹಾಕತಾರ, ಆಮ್ಯಾಲ ಸಣ್ಣ ದನೀಲೆ ಸಮಾಧಾನ ಮಾಡಿ ರಮಸ್ತಾರ. ರಮಿಸಿ ಮುಗೀತು ಅನ್ನೂದ್ರಾಗ ಮತ್ತ ಹಾಕತಾರ."

ಉಳವಪ್ಪ ನಂಬಲಿಲ್ಲ. ಸಂಜೆ ತಾನೇ ಬಂದು, ಬೋರಲು ಹಾಕಿದ ಬಕೀಟಿನ ಮೇಲೆ ಹತ್ತಿ ಗೋಡೆಗೆ ಕಿವಿಯಿಟ್ಟ. ಅವನ ದೈವಕ್ಕೆ ಆಗ ಮಾಧುರ್ಯ ನಡೆದಿತ್ತು. "ಏ, ಎಂಥಾ ಚಂದ ರಮಸಾಕ ಹತ್ಯಾರಬೇ! ನಮ್ಮ ಮನ್ಯಾಗ ಒಂದಿನ ಹಿಂಗ..." ಎನ್ನುವಷ್ಟರಲ್ಲಿ ಆ ಕಡೆಯಿಂದ ಗರ್ಜನೆ ಎದ್ದಿತು. ಉಳವಪ್ಪ ಒಂದು ಕಡೆ ಬಿದ್ದ, ಬಕೀಟು ಒಂದು ಕಡೆ ಬಿತ್ತು.

ಮರುದಿನ ರಾಯರ ಮನೆಯ ಹಾಲಿಗೆ ಬೆರಳು ದಪ್ಪ ಕೆನೆ ಕಟ್ಟಿತು.

ಅಲ್ಲಿಂದ ರಾಯರ ದಿನಗಳು ತಿರುಗಿದವು. ಸಂತೆಯಲ್ಲಿ ಕಾಯಿಪಲ್ಲೆಯವಳು ಕೇಳದೆಯೇ ಒಳ್ಳೆಯ ಬದನೆಕಾಯಿ ಆರಿಸಿ ಕೊಟ್ಟಳು. ಸುರೇಬಾನದ ಬಸ್ಸಿನಲ್ಲಿ ಕಂಡಕ್ಟರನೇ ಎದ್ದು ಸೀಟು ಬಿಟ್ಟ. ಸೊಸೈಟಿಯಲ್ಲಿ ಖಾರದ ಘಾಟಿಗೆ ಕೆಟ್ಟ ಗಂಟಲಿನಿಂದ ರಾಯರು ಒಮ್ಮೆ ಕೆಮ್ಮಿದರೆ ಸಾಲಿನಲ್ಲಿ ಗದ್ದಲ ಮಾಡುತ್ತಿದ್ದ ನೇಕಾರರೆಲ್ಲ ಗಪ್ಪಾದರು. ಹಿಂದಿನಿಂದ ಪಿಸುಪಿಸು ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಎಲ್ಲರೂ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ರಾಯರಿಗೆ ಮೊದಮೊದಲು ಅನುಮಾನ ಬಂದಿತು. ಅಂಗಿ ಹರಿದಿದೆಯೇ ಎಂದು ನೋಡಿಕೊಂಡರು. ಕೊನೆಗೆ ಕನ್ನಡಿಯ ಮುಂದೆ ನಿಂತು ಕಾರಣ ಕಂಡುಹಿಡಿದರು.

"ಗಂಗಾ, ನಾದೋಪಾಸನೆಯಿಂದ ಮಾರಿ ಮ್ಯಾಲ ತೇಜಸ್ಸು ಬರ್ತದ ಅಂತ ಅಪ್ಪ ಹೇಳತಿದ್ದ. ನನ್ನ ಮಾರಿ ನೋಡು."

ಗಂಗೂಬಾಯಿ ನೋಡಿದರು. "ಖಾರ ಹತ್ತದ. ತೊಳಕೊಳ್ರಿ," ಎಂದರು.

ಒಂದು ಮಧ್ಯಾಹ್ನ ದುಂಡಪ್ಪನವರು ಸ್ವತಃ ಎದ್ದು ಬಂದು ಕೈಯಿರುವ ಕುರ್ಚಿಯ ಧೂಳು ಕೊಡವಿದರು.

"ಕುಂದರ್ರಿ ರಾಯರ. ಇನ್ನ ಮ್ಯಾಲ ಇದು ನಿಮ್ಮದ. ನಾಳಿ ಕಮಿಟಿ ಮುಂದ ಠರಾವು ಮಾಡತೇನಿ."

ರಾಯರು ಕೂತರು. ಎರಡೂ ಮೊಣಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟರು. ಮನುಷ್ಯನಿಗೆ ಮೊಣಕೈಗಳು ಯಾತಕ್ಕಿವೆ ಎಂಬುದು ಅವರಿಗೆ ಆಗ ಅರ್ಥವಾಯಿತು.

ದುಂಡಪ್ಪನವರು ಬಗ್ಗಿ ಮೆಲ್ಲಗೆ ಹೇಳಿದರು. "ಆದ್ರ ಒಂದ ಮಾತ್ರಿ. ಇಲ್ಲಿ ನೀವು ಎಷ್ಟ ಒದರಿದ್ರೂ ನಡೀತೈತಿ. ಮನ್ಯಾಗ ಮಾತ್ರ ಒಂದೀಟು ಕೈ ಕಡಿಮಿ ಮಾಡ್ರಿ."

"ಕೈ? ಯಾರ ಕೈ?"

"ನನ್ನ ಮುಂದ ಯಾಕ ಮುಚ್ಚುಮರಿ? ಗಂಗೂಬಾಯಾರನ್ನ ದಿನಾ ಸಂಜೀಕೆ ಬಡೀತೀರಂತ ಊರಿಗೆಲ್ಲಾ ಗೊತ್ತೈತಿ. ಬಾಯವ್ವ ಹುಣ್ಣಿವಿಗೆ ದೇವಿ ಗುಡ್ಡಕ್ಕ ಹೋದಾಕಿ ಸವದತ್ತ್ಯಾಗ ನಿಮ್ಮ ಭಾವನವರ ಮುಂದೂ ಹೇಳಿ ಬಂದಾಳಂತ. ಹುಷಾರ್ರಿ."

ಬೆರಳು ದಪ್ಪ ಕೆನೆ, ಬದನೆಕಾಯಿ, ಬಸ್ಸಿನ ಸೀಟು, ಎಲ್ಲವೂ ಒಂದೇ ಸಲ ರಾಯರ ಕಣ್ಣ ಮುಂದೆ ಬಂದವು. ತೇಜಸ್ಸಿನಿಂದ ಬಂದದ್ದಲ್ಲ ಅವು. ಹೆಂಡತಿಯ ಮೇಲೆ ಕೈ ಎತ್ತದ ಮೆತ್ತನೆಯ ಮನುಷ್ಯನಿಗೆ ನೀರುಹಾಲು, ಎತ್ತಿದನೆಂದು ತಿಳಿದ ಮೇಲೆ ಗಟ್ಟಿಹಾಲು. ಎಂಥ ಊರಿನಲ್ಲಿ ಬದುಕುತ್ತಿದ್ದೇನೆ ಎಂದು ರಾಯರಿಗೆ ಹೇಸಿಗೆಯಾಯಿತು. ಕುರ್ಚಿಯಿಂದ ಚೇಳು ಕಡಿದವರಂತೆ ಎದ್ದು ಚಪ್ಪಲಿ ಹಾಕದೆ ಮನೆಗೆ ಓಡಿದರು. ದಾರಿಯಲ್ಲಿ ಜನ ಭಯದಿಂದ ಪಕ್ಕಕ್ಕೆ ಸರಿದರು. ಏನಾಗುತ್ತದೋ ನೋಡೋಣವೆಂದು ದುಂಡಪ್ಪನವರೂ ಹಿಂದೆಯೇ ಬಂದರು.

ಮನೆಯ ಪಡಸಾಲೆಯಲ್ಲಿ ಗಂಗೂಬಾಯಿಯ ಅಣ್ಣ ವಾದಿರಾಜರು ಕೂತಿದ್ದರು. ಸವದತ್ತಿಯಲ್ಲಿ ಡ್ರಿಲ್ ಮಾಸ್ತರರಾಗಿ ರಿಟೈರಾದವರು. ಕೂತರೂ ಎದೆ ಸೆಟೆದೇ ಇರುತ್ತಿತ್ತು. ಮಡಿಲಲ್ಲಿ ಕೊಡೆ, ಕಾಲ ಬಳಿ ತಂಗಿಯ ಟ್ರಂಕು. ಟ್ರಂಕು ತುಂಬಿದವಳು ಬಾಯವ್ವ. ಉಳವಪ್ಪ ಹೊರಲು ಸಿದ್ಧನಾಗಿ ಬಾಗಿಲಲ್ಲಿ ನಿಂತಿದ್ದ.

"ಐದರ ಬಸ್ಸಿಗೆ ಗಂಗಾನ್ನ ಕರಕೊಂಡು ಹೋಗ್ತೇನಿ," ಎಂದರು ವಾದಿರಾಜರು. "ಮತ್ತ ಕಳಸೂದಿಲ್ಲ."

ಗಂಗೂಬಾಯಿ ಅಡಿಗೆಮನೆಯ ಬಾಗಿಲಿಗೆ ಬಂದರು. "ಅಣ್ಣಾ, ನಾನು ಮುಂಜಾನಿಂದ ಹೇಳ್ಲಿಕ್ಕೆ ಹತ್ತೇನಿ. ಇರುವಿ ಸತ್ರ ಸೂತಕ ಹಿಡಿಯೋ ಮನಷ್ಯಾರು ಇವರು. ಅದು ಟೇಪು."

"ಬಡಿಸಿಕೊಂಡವರು ಎಲ್ಲಾರೂ ಹಂಗ ಅಂತಾರ್ರಿ," ಎಂದಳು ಬಾಯವ್ವ. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. "ನಾನೂ ಹಂಗ ಅಂತಿದ್ದೆ."

ಗಂಗೂಬಾಯಿ ನಿಟ್ಟುಸಿರು ಬಿಟ್ಟು ಚಹಾ ಇಡಲು ಒಳಗೆ ಹೋದರು. ಏನೇ ಆದರೂ ಬಂದವರಿಗೆ ಚಹಾ ಆಗಬೇಕಲ್ಲ.

ಗಂಗೂಬಾಯಿ ಹೋದರೆ ತಮ್ಮ ಧೋತರ ಯಾವ ಗೂಟದಲ್ಲಿದೆ ಎಂಬುದೂ ರಾಯರಿಗೆ ತಿಳಿಯದು. ಅದಿರಲಿ, ಧೋತರ ಹುಡುಕಿದರೆ ಸಿಗುತ್ತದೆ. ಸಂಜೆ ಹೊಸ್ತಿಲು ದಾಟಿದಾಗ ಒಳಗಿನಿಂದ "ಬಂದ್ರ್ಯಾ?" ಎನ್ನುವ ಒಂದು ಸಣ್ಣ ದನಿಯಿದೆಯಲ್ಲ, ಅದಿಲ್ಲದ ಮನೆಗೆ ತಾನು ಯಾಕೆ ಬರಬೇಕು ಎಂದು ಅವರಿಗೆ ಅಳು ಬಂದಿತು. ಠರಾವು, ಕುರ್ಚಿ ಎಲ್ಲ ಹಾಳಾಗಿ ಹೋಗಲಿ.

"ಭಾವನವರ, ಕೇಳ್ರಿ. ದುಂಡಪ್ಪನವರ, ನೀವೂ ಕೇಳ್ರಿ. ನಾನು ಯಾರನ್ನೂ ಬಡದಿಲ್ಲ, ಯಾರಿಗೂ ಒದರಿಲ್ಲ. ಒದರಲಿಕ್ಕೆ ನನಗ ಬರಂಗಿಲ್ಲ. ಆ ದನಿ ಈ ಕ್ಯಾಸೆಟ್ಟಿನ್ಯಾಗ ಅದ. ಈಗ ಕೇಳಸ್ತೇನಿ."

ವಾದಿರಾಜರು ಕ್ಯಾಸೆಟ್ಟಿನ ಡಬ್ಬಿ ಇಸಕೊಂಡು ಅಸ್ಥಿಪಂಜರವನ್ನು ಬಹಳ ಹೊತ್ತು ನೋಡಿದರು. "ಇದು ಯಾರ ಫೋಟೋ?" ಎಂದರು.

ರಾಯರು ಗುಂಡಿ ಒತ್ತಿದರು. ಹಿಂದಿನ ಸಂಜೆ ನಿಲ್ಲಿಸಿದ್ದು ಮಾಧುರ್ಯದ ಬಾಗಿಲಲ್ಲಿ. ಎರಡು ತಂತಿಗಳು ಮೆಲ್ಲಗೆ ಎದ್ದು ಪಡಸಾಲೆಯ ತುಂಬ ಹರಡಿದವು. ದುಂಡಪ್ಪನವರು ಟೊಪ್ಪಿಗೆ ತೆಗೆದರು. ವಾದಿರಾಜರ ಎದೆ ಮೊದಲ ಸಲ ಒಂದಿಷ್ಟು ಸಡಿಲಾಯಿತು. ರಾಯರು ಅಂಥ ಹೊತ್ತಿನಲ್ಲೂ ರೂಢಿಯ ಮೇಲೆ ಕಣ್ಣು ಮುಚ್ಚಿ, ತಲೆ ಎಡಕ್ಕೆ ವಾಲಿಸಿದರು.

"ಭಾಳ ಛಲೋ ಅದ," ಎಂದರು ವಾದಿರಾಜರು. "ಮಕ್ಕಳು ಮಲಗೋ ಹಂಗ ಅದ. ಇದರಾಗ ಒದರೋದು ಎಲ್ಲೆದ?"

"ತಡೀರಿ, ಬಂತು. ಈಗ ಬರ್ತದ ನೋಡ್ರಿ."

ಬಂತು. ಆದರೆ ಬಂದದ್ದು ಗರ್ಜನೆಯಲ್ಲ. ಧಾಟಿ ತೂಕಡಿಸಿದಂತೆ ಜೋಲಿ ಹೊಡೆದು, "ಊಂಯ್" ಎಂದು ನಿಂತಿತು. ಟೇಪಿಗೆ ಹಾಡು ಬಹಳ ಸೇರಿತ್ತು. ಮುಚ್ಚಳ ತೆಗೆದಾಗ ರೀಲು ಶ್ಯಾವಿಗೆಯ ಹಾಗೆ ಹೊರಗೆ ಸುರಿಯಿತು.

"ರಮಸೂದು ಟೇಪಿನ್ಯಾಗ ಐತಿ," ಎಂದಳು ಬಾಯವ್ವ. "ಒದರೂದು ಇವರದ." ಉಳವಪ್ಪ ಟ್ರಂಕಿಗೆ ಕೈ ಹಾಕಿದ.

"ಇಲ್ಲ! ಒದರೂದೂ ಅದರಾಗ ಅದ!" ರಾಯರು ರೀಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಹೆಂಗದ ಅಂದ್ರ... ಹಿಂಗದ ನೋಡ್ರಿ..." ಎಂದು, ಬೇರೆ ದಾರಿ ಕಾಣದೆ ಬಾಯಿ ತೆರೆದರು.

ರಾಯರು ಹುಟ್ಟಿದಾಗ ಅತ್ತದ್ದು ಬಿಟ್ಟರೆ ಆಮೇಲೆ ಒದರಿದ್ದು ಅದೇ ಮೊದಲು. ಉಳವಪ್ಪನ ನೀರು, ದುಂಡಪ್ಪನವರ ಸ್ಟೂಲು, ತಂದೆಯ ತಂಬೂರಿಯ ಭಾರ, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. ಮಾಡದಲ್ಲಿದ್ದ ದೀಪ ಅಲುಗಿತು. ಓಣಿಯ ನಾಯಿಗಳು ಎದ್ದು ಸಂಸಾರ ಸಮೇತ ಬೇರೆ ಓಣಿಗೆ ಹೋದವು. ಉಳವಪ್ಪ ಟ್ರಂಕಿನ ಹಿಂದೆ ಕೂತ.

"ಇದ! ಇದ ದನಿ!" ಬಾಯವ್ವ ಚೀರಿದಳು. ವಾದಿರಾಜರು ಕೊಡೆಯನ್ನು ಲಾಠಿಯಂತೆ ಹಿಡಿದು ಎದ್ದರು. ದುಂಡಪ್ಪನವರು ಮನಸ್ಸಿನಲ್ಲೇ ಠರಾವಿಗೆ ಸಹಿ ಹಾಕಿದರು.

ಆಗ ಅಡಿಗೆಮನೆಯಿಂದ ಗಂಗೂಬಾಯಿಯ ಸಣ್ಣ ದನಿ ಬಂದಿತು.

"ಸಾಕು ಮಾಡ್ರಿ. ಹಾಲು ಉಕ್ಕತದ. ಬಂದು ಇಳಸ್ರಿ."

ಗರ್ಜನೆ ಅರ್ಧಕ್ಕೇ ನಿಂತಿತು. ಬಾಯಿ ಮುಚ್ಚುವುದನ್ನೂ ಮರೆತು ರಾಯರು "ಬಂದೆ, ಬಂದೆ" ಎನ್ನುತ್ತ ಒಳಗೆ ಓಡಿದರು. ಪಡಸಾಲೆಯಲ್ಲಿ ಉಳಿದವರು ಉಸಿರು ಹಿಡಿದು ಕೇಳಿದರು.

"ಇಕ್ಕಳ ಎಲ್ಲೆದ ಗಂಗಾ?"

"ನಿಮ್ಮ ಮುಂದ ಅದ."

"ಹೌದು. ಅದ."

"ಸಕ್ಕರಿ ಹಾಕ್ರಿ. ಅಷ್ಟಲ್ಲ. ಕೈ ಯಾಕ ನಡಗಸ್ತೀರಿ? ಚಾ ಚೆಲ್ಲೀತು."

"ತಪ್ಪಾತು."

ವಾದಿರಾಜರ ಕೊಡೆ ನಿಧಾನವಾಗಿ ಕೆಳಗಿಳಿಯಿತು. ದುಂಡಪ್ಪನವರು ಮನಸ್ಸಿನಲ್ಲಿ ಹಾಕಿದ ಸಹಿಯನ್ನು ಮನಸ್ಸಿನಲ್ಲೇ ಹೊಡೆದುಹಾಕಿದರು. ಬಾಯವ್ವ ಸದ್ದಾಗದಂತೆ ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ದೂಡಿದಳು.

ಅಂಗಿಯ ಮೇಲೆ ಅರ್ಧ ಚಹಾ, ತಟ್ಟೆಯಲ್ಲಿ ಅರ್ಧ ಚಹಾ ಹೊತ್ತು ರಾಯರು ಹೊರಗೆ ಬಂದರು. ವಾದಿರಾಜರು ಕಪ್ಪು ತೆಗೆದುಕೊಂಡು, ರಾಯರ ಭುಜದ ಮೇಲೆ ಕೈಯಿಟ್ಟು, ಅನುಕಂಪದಿಂದ ಕೇಳಿದರು.

"ರಾಯರ, ಎಷ್ಟು ವರ್ಷದಿಂದ ಹಿಂಗ ನಡದದ?"

ಐದರ ಬಸ್ಸಿಗೆ ಅವರು ಒಬ್ಬರೇ ಹೋದರು. ಗಂಗೂಬಾಯಿ ಉಳಿದರು, ರಾಯರಿಗೆ ಅದೊಂದೇ ಸಾಕಾಗಿತ್ತು. ಮರುದಿನ ಹಾಲಿನ ಪಾತ್ರೆಯಲ್ಲಿ ಮತ್ತೆ ತಳ ಕಂಡಿತು. ಸೊಸೈಟಿಯಲ್ಲಿ ಕೈಯಿರುವ ಕುರ್ಚಿಯ ಮೇಲೆ ದುಂಡಪ್ಪನವರ ಊಟದ ಡಬ್ಬಿ ಕೂತಿತ್ತು. ರಾಯರು ಸ್ಟೂಲು ಎಳೆದುಕೊಂಡು ಕೂತರು. ದೀಪಾವಳಿಗೆ ಅಭಿಪ್ರಾಯ ಹೇಳಬೇಕಲ್ಲ ಎಂದು ಸಂಜೆ ರೀಲನ್ನು ಪೀರಸಾಬನ ಹತ್ತಿರ ಒಯ್ದರು.

ಪೀರಸಾಬ ರಿಪೇರಿ ಮಾಡಿ ಕೊಟ್ಟ. "ತಿಂದಷ್ಟು ತುಕಡಿ ಕತ್ತರಿಸಿ ಒಗದು ಜೋಡಿಸೇನ್ರಿ. ಒದರೂದು ಪೂರಾ ಹಂಗ ಐತಿ. ನಡುವಿನ ಬಾಜಾದ್ದು ಅಷ್ಟ ಹೋತು ನೋಡ್ರಿ."

ರಾಯರು ಬಾಗಿಲು, ಕಿಟಕಿ ಹಾಕಿಕೊಂಡು ಟೇಪು ಹಚ್ಚಿದರು. ಗಂಗೂಬಾಯಿ ಕೊನೆಯ ಒಬ್ಬೆ ಖಾರಕ್ಕೆ ಒನಕೆ ಎತ್ತಿದರು. ಗರ್ಜನೆಯ ಬೆನ್ನಿಗೆ ಗರ್ಜನೆ, ದಬದಬದ ಮೇಲೆ ದಬದಬ. ಘಾಟು ತಾಳಲಾರದೆ ರಾಯರು ಕಣ್ಣೊರೆಸಿಕೊಳ್ಳುತ್ತ, ಮೂಗು ಸುರಿಸುತ್ತ ನಲ್ಲಿಗೆ ಓಡಿಬಂದರು. ಕಟ್ಟೆಯ ಮೇಲೆ ಬಾಯವ್ವ, ಉಳವಪ್ಪ ಇಬ್ಬರೂ ಇದ್ದರು.

"ರಾಯರ, ಕಣ್ಣಿಗೇನಾತ್ರಿ?"

"ಏನಿಲ್ಲ ಬಾಯವ್ವ," ಎಂದರು ರಾಯರು ಮುಖಕ್ಕೆ ನೀರು ಹೊಡೆದುಕೊಳ್ಳುತ್ತ. "ಖಾರ."

ಬೆಳಿಗ್ಗೆ ಉಳವಪ್ಪ ಗಟ್ಟಿ ಹಾಲನ್ನು ಪಾತ್ರೆಯ ಕಂಠದವರೆಗೆ ಸುರಿದ. "ಅರಿಶಿಣ ಹಾಕ್ಕೊಂಡು ಕುಡೀರಿ ರಾಯರ, ಒಳಪೆಟ್ಟಿಗೆ ಛಲೋ," ಎಂದು ಪಿಸುಗುಟ್ಟಿ, ಒಳಗೆ ಗಂಗೂಬಾಯಿಯ ಬಳೆ ಸದ್ದಾದೊಡನೆ ಸರಸರ ನಡೆದುಬಿಟ್ಟ.

ಬಾಯವ್ವ ತನ್ನ ಬಾಗಿಲಲ್ಲಿ ನಿಂತು ಅವನು ಕ್ಯಾನು ಇಳಿಸುವವರೆಗೂ ಕಾದಳು.

"ಟೇಪು ಹರದಿದ್ದನ್ನ ನಮ್ಮ ಕಣ್ಣೀಲೆ ನೋಡೇವಿ ಉಳವಪ್ಪ. ನಿನ್ನಿ ಒದರಿದ್ದು ಟೇಪು ಹೆಂಗಾದೀತು?" ಎಂದಳು. "ಆ ಟೇಪಿದ್ದಾಗರ ಬಡದ ಮ್ಯಾಲ ಒಂದೀಟು ರಮಸೂದಿತ್ತು. ಗಂಗಕ್ಕ ಅದನ್ನೂ ಮಾಡಂಗಿಲ್ಲ ನೋಡೋ."